ಹೋಟೆಲ್ಲು, ಲೋಟ ಮತ್ತು ನಾವು

ಕನ್ನಡದಲ್ಲಿ ‘ಹೋಟೆಲ್’ ಎಂಬ ಪದಕ್ಕೆ ಇಂಗ್ಲಿಷಿನ ಅರ್ಥವಿಲ್ಲ. ಇಂಗ್ಲಿಷಿನವರಿಗೆ ಅದು ರಾತ್ರಿ ತಂಗುವ ಜಾಗ, ನಮಗೆ ತಿನ್ನುವ ಜಾಗ. ನಾಲ್ಕು ಗಳು ನೆಟ್ಟು, ಮೇಲೆ ತೆಂಗಿನ ಗರಿ ಹೊದಿಸಿ, ಒಂದು ಒಲೆ ಹೂಡಿ, ಎರಡು ಬೆಂಚು ಹಾಕಿ, ಗಾಜಿನ ಬೀರುವಿನಲ್ಲಿ ಹತ್ತು ವಡೆ ಜೋಡಿಸಿಟ್ಟರೆ ಅದು ಹೋಟೆಲ್. ನಮ್ಮ ಮಲ್ಲಿಪಟ್ಟಣದಂಥ ಹೋಬಳಿ ಕೇಂದ್ರಗಳಲ್ಲಿ ಬಸ್ಸು ನಿಲ್ಲುವ ಕಡೆಯಲ್ಲೆಲ್ಲ ಇಂಥವು ಇದ್ದವು, ಇಂದಿಗೂ ಇವೆ. ಅರಮನೆಗಳ ಚರಿತ್ರೆಯನ್ನೂ ದೇವಾಲಯಗಳ ಚರಿತ್ರೆಯನ್ನೂ ನಾನು ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಗಳಲ್ಲಿ ಹೇಳಿದ್ದೇನೆ. ಈ ಗರಿ ಹೊದಿಸಿದ ಹೋಟೆಲಿನ ಚರಿತ್ರೆ ಯಾವ ಪಠ್ಯದಲ್ಲೂ ಇರಲಿಲ್ಲ. ಆದರೆ ನಮ್ಮ ಸಮಾಜ ಹೇಗೆ ಬದಲಾಯಿತು, ಎಲ್ಲಿ ಬದಲಾಗದೆ ನಿಂತಿತು ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಎಂದು ಈಗ ಅನ್ನಿಸುತ್ತದೆ.

ಈ ವಿಚಾರಕ್ಕೆ ನನ್ನನ್ನು ಹಚ್ಚಿದ್ದು ಸ್ಪೇನ್ ದೇಶದಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ. ಮ್ಯಾಡ್ರಿಡ್ ನಗರದಲ್ಲಿ ಅಗ್ಗದ ತಿಂಡಿಯ ಅಂಗಡಿಗಳಿವೆಯಂತೆ. ಅವುಗಳಲ್ಲಿ ಒಂದರ ಹೆಸರು ‘ಮುಸೆಯೊ ದೆಲ್ ಹಾಮೋನ್’, ಅಂದರೆ ಹಂದಿತೊಡೆಯ ವಸ್ತುಸಂಗ್ರಹಾಲಯ! ಉಪ್ಪು ಹಾಕಿ ಒಣಗಿಸಿದ ಹಂದಿಯ ತೊಡೆಗಳನ್ನು ಗೊರಸಿನ ಸಮೇತ ಚಾವಣಿಯಿಂದ ಸಾಲಾಗಿ ತೂಗುಹಾಕಿರುತ್ತಾರೆ. ತೊಟ್ಟಿಕ್ಕುವ ಕೊಬ್ಬು ಗಿರಾಕಿಯ ತಲೆಯ ಮೇಲೆ ಬೀಳದಂತೆ ಪ್ರತಿಯೊಂದರ ಕೆಳಗೂ ಒಂದು ಪುಟ್ಟ ಬಟ್ಟಲು. ಜನ ಕಟ್ಟೆಗೆ ಒರಗಿ ನಿಂತು, ರೊಟ್ಟಿಯ ನಡುವೆ ತೆಳ್ಳಗೆ ಹೆರೆದ ಮಾಂಸವಿಟ್ಟು ತಿಂದು, ಒಂದು ಗ್ಲಾಸು ಕುಡಿದು ಹೊರಡುತ್ತಾರೆ. ಸಣ್ಣ ಸಣ್ಣ ತಟ್ಟೆಗಳ ಈ ತಿಂಡಿಗೆ ‘ತಾಪಾ’ ಎಂದು ಹೆಸರು. ‘ತಾಪಾ’ ಎಂದರೆ ಮುಚ್ಚಳ. ನೊಣ, ಧೂಳು ಬೀಳದಂತೆ ಗ್ಲಾಸಿನ ಮೇಲೆ ಒಂದು ತುಂಡು ರೊಟ್ಟಿ ಮುಚ್ಚಿ ಕೊಡುತ್ತಿದ್ದುದರಿಂದ ಆ ಹೆಸರು ಬಂತೆಂದು ಅಲ್ಲಿಯವರು ಕಥೆ ಹೇಳುತ್ತಾರೆ. “ಸಾರ್, ಇಲ್ಲಿ ಕೋಟು ತೊಟ್ಟವರೂ ಕಟ್ಟಡದ ಕೆಲಸದವರೂ ಒಂದೇ ಕಟ್ಟೆಗೆ ಒರಗಿ ತಿನ್ನುತ್ತಾರೆ. ನಮ್ಮ ಕಡೆ ಇಂಥದ್ದು ಯಾವಾಗ ಬಂತು?” ಎಂಬುದು ಅವನ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಒಂದು ವಾಕ್ಯದಲ್ಲಿ ಉತ್ತರಿಸಿದರೆ ಅಂಕ ಸಿಗಲಾರದು.

ಹೋಟೆಲು ಬರುವ ಮುಂಚೆ ನಮ್ಮಲ್ಲಿ ದಾರಿಹೋಕರು ಏನು ಮಾಡುತ್ತಿದ್ದರು? ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಛತ್ರಗಳಿದ್ದವು, ಅರವಟ್ಟಿಗೆಗಳಿದ್ದವು, ಮಠಗಳಲ್ಲಿ ಊಟವಿತ್ತು. ಆದರೆ ಊಟವೆಂದರೆ ಪಂಕ್ತಿ, ಪಂಕ್ತಿಯೆಂದರೆ ಜಾತಿ. ಯಾರ ಪಕ್ಕದಲ್ಲಿ ಯಾರು ಕೂರಬೇಕು, ಯಾರಿಗೆ ಒಳಗೆ, ಯಾರಿಗೆ ಜಗಲಿಯಲ್ಲಿ, ಯಾರಿಗೆ ಅಂಗಳದಲ್ಲಿ ಎಂಬುದೆಲ್ಲ ಮೊದಲೇ ಗೊತ್ತಾದ ಸಂಗತಿ. ಮೇಲಾಗಿ ಅನ್ನವನ್ನು ಮಾರುವುದು ಪಾಪವೆಂಬ ಭಾವನೆ ಸಂಪ್ರದಾಯಸ್ಥರಲ್ಲಿ ಬಲವಾಗಿತ್ತು. ಹಸಿದವರಿಗೆ ಅನ್ನ ಹಾಕಬೇಕು, ಬೆಲೆ ಕಟ್ಟಬಾರದು.

ಈ ಭಾವನೆಯನ್ನು ದಾಟಿದವರಲ್ಲಿ ಮೊದಲಿಗರು ಕರಾವಳಿಯವರು, ಮುಖ್ಯವಾಗಿ ಉಡುಪಿಯ ಸುತ್ತಿನ ಬ್ರಾಹ್ಮಣರು. ಮಠಗಳ ಅಡುಗೆಮನೆಯಲ್ಲಿ ನೂರಾರು ಎಲೆಗಳಿಗೆ ಅಡುಗೆ ಮಾಡುವ ಕೈ ಅವರದು. ಬಡತನ ಅವರನ್ನು ಊರು ಬಿಡಿಸಿತು. 1923ರಲ್ಲಿ ದಕ್ಷಿಣ ಕನ್ನಡದಲ್ಲಿ ಬಂದ ಮಹಾ ನೆರೆಯ ಬಳಿಕ ಈ ವಲಸೆ ಹೆಚ್ಚಿತು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭೂಮಿ ಕೈಬಿಟ್ಟಾಗ ಮತ್ತೊಂದು ಅಲೆ ಹೊರಟಿತು. ಪರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ 1924ರಲ್ಲಿ ತೆರೆದ ‘ಬ್ರಾಹ್ಮಣ ಕಾಫಿ ಕ್ಲಬ್’ ಮುಂದೆ ಎಂ.ಟಿ.ಆರ್. ಆಯಿತು. ಕಡಂದಲೆಯ ಕೆ. ಕೃಷ್ಣರಾಯರು ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಊಟದ ಮನೆ ತೆರೆದರು. ಇವರು ಹೆಸರು ಪಡೆದವರು. ಹೆಸರಿಲ್ಲದ ಅದೆಷ್ಟೋ ಮಂದಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಹಾಸನ ಸೀಮೆಗೂ ಬಂದರು. ‘ಭಟ್ಟರ ಹೋಟೆಲ್’ ಎಂದರೆ ಸಾಕು, ಯಾವ ಊರಿನಲ್ಲಾದರೂ ದಾರಿ ತೋರಿಸುತ್ತಿದ್ದರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬೋರ್ಡಿನ ಮೇಲೆ ‘ಬ್ರಾಹ್ಮಣರ’ ಎಂಬ ಪದ ಏಕೆ ಬೇಕಾಗಿತ್ತು? ಅದು ತಿನ್ನುವವನ ಜಾತಿಯನ್ನಲ್ಲ, ಬೇಯಿಸುವವನ ಜಾತಿಯನ್ನು ಹೇಳುತ್ತಿತ್ತು. ಬ್ರಾಹ್ಮಣ ಬೇಯಿಸಿದ್ದನ್ನು ಉಳಿದವರು ಸಂಕೋಚವಿಲ್ಲದೆ ತಿನ್ನಬಹುದೆಂಬುದು ಅಂದಿನ ನಿಯಮ. ಹಾಗಾಗಿ ಜಾತಿಯ ನಿಯಮವೇ ಅನೇಕ ಜಾತಿಯವರನ್ನು ಒಂದು ಸೂರಿನಡಿ ತಂದಿತು. ಆದರೆ ಒಂದು ಸೂರಿನಡಿ ತಂದು, ಒಳಗೆ ಗೋಡೆ ಎಬ್ಬಿಸಿತು. ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆ ಇರಿಸಿದ ಹೋಟೆಲುಗಳು ಮೈಸೂರು ಸೀಮೆಯಲ್ಲೂ ಮದರಾಸಿನಲ್ಲೂ ಸಾಮಾನ್ಯವಾಗಿದ್ದವು. ಅಸ್ಪೃಶ್ಯರೆಂದು ದೂರವಿಟ್ಟವರಿಗೆ ಆ ಕೋಣೆಯೂ ಇಲ್ಲ, ಈ ಕೋಣೆಯೂ ಇಲ್ಲ. ಅವರಿಗೆ ಹೊರಗಿನ ಕಟ್ಟೆ. ಕೈಗೆ ಸಿಗುತ್ತಿದ್ದುದು ಬೇರೆ ಲೋಟ, ಕೆಲವು ಕಡೆ ತೆಂಗಿನ ಚಿಪ್ಪು.

ಮಾಂಸ ತಿನ್ನುವವರಿಗಾಗಿ ಇನ್ನೊಂದು ಬಗೆ ಬೆಳೆಯಿತು. ಅದು ಮಿಲ್ಟ್ರಿ ಹೋಟೆಲ್. ಸಿಪಾಯಿಗಳಿಗೆ ಮಾಂಸದೂಟ ಒದಗಿಸುತ್ತಿದ್ದುದರಿಂದ ಈ ಹೆಸರು ಬಂದಿತೆಂಬುದು ರೂಢಿಯ ಮಾತು. ಬೆಂಗಳೂರಿನಲ್ಲಿ ಮರಾಠ ಮನೆತನಗಳವರು ಇದನ್ನು ಬೆಳೆಸಿದರು, ಮೈಸೂರು ಸೀಮೆಯ ಊರೂರಿಗೂ ಅದು ಹಬ್ಬಿತು. ಮುದ್ದೆ, ಕಾಲು ಸೂಪು, ತಲೆಮಾಂಸ, ಬೋಟಿ, ಕೈಮ ಉಂಡೆ, ಸಂತೆಗೆ ಬಂದ ರೈತನಿಗೆ ಇದಕ್ಕಿಂತ ಬೇರೆ ಹಬ್ಬ ಬೇಡ. ಸ್ಪೇನಿನ ಹಂದಿತೊಡೆಯ ಅಂಗಡಿಗೆ ನಮ್ಮಲ್ಲಿ ಹತ್ತಿರದ ನಂಟನೆಂದರೆ ಇದೇ. ಬೆಲೆ ಕಡಿಮೆ, ಆಡಂಬರವಿಲ್ಲ, ಮಾಂಸದ ಯಾವ ಭಾಗವೂ ವ್ಯರ್ಥವಾಗುವುದಿಲ್ಲ. ಆದರೆ ಸಾಮಾನ್ಯವಾಗಿ ಅಲ್ಲಿ ಕುರಿ, ಕೋಳಿ ಮಾತ್ರ. ಹಂದಿಯ ಮಾಂಸಕ್ಕೆ ಬೇರೆ ಅಂಗಡಿ, ಅದೂ ಹೆಚ್ಚಾಗಿ ಊರಾಚೆ.

ಹಂದಿಯ ವಿಷಯವನ್ನೇ ನೋಡಿ. ನಮ್ಮ ಅರಕಲಗೂಡು ತಾಲ್ಲೂಕಿನ ಪಶ್ಚಿಮದ ಗಡಿ ದಾಟಿದರೆ ಕೊಡಗು. ಅಲ್ಲಿ ಪಂದಿ ಕರಿಯಿಲ್ಲದೆ ಮದುವೆಯ ಊಟ ಊಟವೇ ಅಲ್ಲ. ಕಾಚಂಪುಳಿಯ ಕಪ್ಪು ಹುಳಿ ಹಾಕಿ ಬೇಯಿಸಿ, ಕಡಂಬುಟ್ಟಿನ ಜೊತೆ ಬಡಿಸಿ, ಬಂದವರನ್ನು ಗೌರವಿಸುತ್ತಾರೆ. ಗಡಿಯ ಈಚೆ ಬಂದರೆ ಅದೇ ಮಾಂಸವನ್ನು ತಿನ್ನುವವರನ್ನು ಕೀಳೆಂದು ಕಾಣುವವರು ಬಹಳ. ಒಂದು ಗಡಿಕಲ್ಲಿನ ಆಚೆ ಮರ್ಯಾದೆ, ಈಚೆ ಅವಮಾನ. ಪದಾರ್ಥದಲ್ಲಿ ವ್ಯತ್ಯಾಸವಿಲ್ಲ. ತಿನ್ನುವವನು ಯಾರು ಎಂಬುದರಿಂದ ಮಾಂಸಕ್ಕೆ ಮೇಲು ಕೀಳು ಬರುತ್ತದೆಯೇ ಹೊರತು, ಮಾಂಸದಿಂದ ಮನುಷ್ಯನಿಗಲ್ಲ.

ಇದು ನಮ್ಮೊಬ್ಬರದೇ ರೋಗವೆಂದು ತಿಳಿಯಬೇಡಿ. ನನ್ನ ವಿದ್ಯಾರ್ಥಿ ನಿಂತು ತಿಂದ ಆ ಹಂದಿತೊಡೆಗೂ ಇಂಥದೇ ಚರಿತ್ರೆಯಿದೆ. ಸ್ಪೇನಿನಲ್ಲಿ 1478ರಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ಸ್ಥಾಪನೆಯಾಯಿತು. 1492ರಲ್ಲಿ ಯಹೂದಿಗಳಿಗೆ ಮತಾಂತರವಾಗಿ, ಇಲ್ಲವೇ ದೇಶ ಬಿಡಿ ಎಂದು ರಾಜಾಜ್ಞೆ ಹೊರಟಿತು. ಮತಾಂತರವಾಗಿ ಉಳಿದವರ ಮೇಲೂ ಅನುಮಾನ ಹೋಗಲಿಲ್ಲ. ಮುಸ್ಲಿಮರಾಗಿದ್ದು ಕ್ರೈಸ್ತರಾದವರ ಸಂತತಿಯನ್ನು 1609ರಿಂದ 1614ರ ನಡುವೆ ಹೊರಗಟ್ಟಿದರು. ಈ ಹೊಸ ಕ್ರೈಸ್ತರು ನಿಜವಾಗಿಯೂ ಕ್ರೈಸ್ತರೇ ಎಂದು ತಿಳಿಯುವ ಗುರುತುಗಳಲ್ಲಿ ಒಂದು, ಅವರು ಹಂದಿಮಾಂಸ ತಿನ್ನುತ್ತಾರೆಯೇ ಇಲ್ಲವೇ ಎಂಬುದು. ತಿನ್ನಲು ಹಿಂಜರಿದರೆಂದು ಅಡುಗೆಯವರೂ ನೆರೆಯವರೂ ಸಾಕ್ಷಿ ನುಡಿದದ್ದು ನ್ಯಾಯಾಲಯದ ಕಡತಗಳಲ್ಲಿ ದಾಖಲಾಗಿದೆ. ‘ರಕ್ತಶುದ್ಧಿ’ಯ ಪ್ರಮಾಣವಿಲ್ಲದವರಿಗೆ ಅನೇಕ ಸಂಸ್ಥೆಗಳ ಬಾಗಿಲು ಮುಚ್ಚಿತ್ತು. ಒಂದು ಕಾಲದಲ್ಲಿ ತಟ್ಟೆಯನ್ನು ನೋಡಿ ಮನುಷ್ಯನನ್ನು ಅಳೆದ ದೇಶ ಅದು. ಇಂದು ಅಲ್ಲಿ ಹಂದಿತೊಡೆ ಬರಿಯ ತಿಂಡಿಯಾಗಿರಬೇಕಾದರೆ ಶತಮಾನಗಳೇ ಹಿಡಿದವು.

ನಮ್ಮಲ್ಲಿ ಬದಲಾವಣೆಗೆ ಮೊದಲು ಮಾತು ಕೊಟ್ಟದ್ದು ಸಂವಿಧಾನ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯನ್ನು ಪಾಠ ಮಾಡುವಾಗ ನಾವು ‘ಸಮಾನತೆಯ ಹಕ್ಕು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆ ವಿಧಿಯ ಎರಡನೆಯ ಉಪವಿಧಿಯನ್ನು ನಿಧಾನವಾಗಿ ಓದಬೇಕು. ಅಲ್ಲಿ ಬಾವಿ, ಕೆರೆ, ರಸ್ತೆಗಳ ಜೊತೆಗೆ ಅಂಗಡಿಯ ಹೆಸರಿದೆ, ಹೋಟೆಲಿನ ಹೆಸರಿದೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಯಾರನ್ನೂ ಅಲ್ಲಿಂದ ತಡೆಯುವಂತಿಲ್ಲ. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ಅದನ್ನು ಜಾರಿಗೆ ತರಲು 1955ರಲ್ಲಿ ಬಂದ ಅಸ್ಪೃಶ್ಯತೆ ಅಪರಾಧಗಳ ಕಾಯಿದೆಯ 4ನೆಯ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹೋಟೆಲಿನಲ್ಲಿ ಸಾರ್ವಜನಿಕರ ಬಳಕೆಗೆಂದು ಇಟ್ಟ ಪಾತ್ರೆಯನ್ನು ಬಳಸಲು ಬಿಡದಿರುವುದೂ ಅಪರಾಧವೆಂದು ಅದು ಸಾರುತ್ತದೆ. ಅಂದರೆ ದೇಶದ ಕಾನೂನು ಹೋಟೆಲಿನ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಲೋಟವನ್ನೂ ನೋಡಿತು. ಶಿಕ್ಷೆ ಆರು ತಿಂಗಳವರೆಗೆ ಸೆರೆ, ಅಥವಾ 500 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೆಸರಿಟ್ಟರು.

ಕಾನೂನು ಹೇಳಿದ್ದನ್ನು ಊರು ಕೇಳಿತೇ? 1970ರ ದಶಕದ ಆರಂಭದಲ್ಲಿ ನಾನು ಶಾಲೆಯಲ್ಲಿ ಓದುತ್ತಿದ್ದೆ. ನಾವು ಹೋಗಿ ಬರುವ ದಾರಿಯ ಹೋಟೆಲೊಂದರ ಹೊರಗೋಡೆಯ ಗೂಡಿನಲ್ಲಿ ಮೂರು ಲೋಟಗಳು ಬೋರಲಾಗಿರುತ್ತಿದ್ದವು. ಕುಡಿದವರೇ ತೊಳೆದು ಮತ್ತೆ ಬೋರಲು ಹಾಕಬೇಕು. ಪಕ್ಕದ ಹಳ್ಳಿಯ ಕೇರಿಯಿಂದ ಬರುತ್ತಿದ್ದ ನನ್ನ ಸಹಪಾಠಿಯೊಬ್ಬ, ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದು. ಹುಡುಗರೆಲ್ಲ ಕಾಸು ಹಾಕಿ ಕಾಫಿಗೆ ಹೊರಟರೆ ಅವನು, “ನೀವು ಹೋಗ್ರೋ, ನಂಗೆ ಕಾಫಿ ಸೇರಕಿಲ್ಲ” ಎಂದು ಹುಣಸೆಮರದ ಕೆಳಗೆ ಪುಸ್ತಕ ಬಿಚ್ಚಿ ಕೂರುತ್ತಿದ್ದ. ಅವನ ಮನೆಯಲ್ಲಿ ಅವನು ಬೆಲ್ಲದ ಕಾಫಿಯನ್ನು ಆಸೆಪಟ್ಟು ಕುಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಅವನಿಗೆ ಸೇರದಿದ್ದುದು ಕಾಫಿಯಲ್ಲ, ಆ ಗೂಡಿನ ಲೋಟ. ಕಾಯಿದೆ ಬಂದು ಆಗಲೇ ಹದಿನೈದು ವರ್ಷ ದಾಟಿತ್ತು.

ಅದೇ ದಶಕದಲ್ಲಿ ರಾಜ್ಯದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಸಭೆಗಳಲ್ಲಿ ಭಾಷಣ ಮಾಡಿದ್ದಷ್ಟೇ ಅಲ್ಲ, ಹಳ್ಳಿಹಳ್ಳಿಗಳಲ್ಲಿ ಹೋಟೆಲಿನ ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಕಾಫಿ ಕೇಳುವುದನ್ನೂ ಅದು ಹೋರಾಟವಾಗಿ ಮಾಡಿತು. ಒಂದು ಲೋಟ ಕಾಫಿಗೆ ಇಷ್ಟು ಧೈರ್ಯ ಬೇಕಾಗಿತ್ತೆಂದು ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಆ ಧೈರ್ಯ ಮಾಡಿದವರಲ್ಲಿ ಹಲವರು ಕೂಲಿ ಕಳೆದುಕೊಂಡರು, ಪೆಟ್ಟು ತಿಂದರು. ಹೋಟೆಲಿನ ಚರಿತ್ರೆಯಲ್ಲಿ ಮಾಲೀಕರ ಹೆಸರಿನಷ್ಟೇ ಗೌರವದಿಂದ ಬರೆಯಬೇಕಾದುದು ಈ ಗಿರಾಕಿಗಳ ಕಥೆಯನ್ನು.

ಇದರ ಜೊತೆಗೆ, ಯಾವ ಭಾಷಣವನ್ನೂ ಮಾಡದೆ ಕೆಲಸ ಮಾಡಿದ ಸಂಗತಿಗಳು ಕೆಲವಿವೆ. ಮೊದಲನೆಯದು ಬಸ್ಸು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಬಸ್ಸು ನಿಲ್ಲುವುದು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಎದುರಿಗೆ ಕೂತವನು ಯಾರ ಮಗ ಎಂದು ವಿಚಾರಿಸಲು ಪುರುಸೊತ್ತಿಲ್ಲ. ಎರಡನೆಯದು ಗಿರಾಕಿಯ ಸಂಖ್ಯೆ. ಎರಡು ಬಗೆಯ ಲೋಟ, ಎರಡು ಬಗೆಯ ಕೋಣೆ ಇಟ್ಟುಕೊಂಡು ನೂರು ಜನರಿಗೆ ಬಡಿಸಬಹುದು. ಸಾವಿರ ಜನರಿಗೆ ಬಡಿಸಲಾಗದು.

ಈ ಅವಸರ ಮತ್ತು ಅಗ್ಗದ ಬೆಲೆ ಎರಡೂ ಕೂಡಿ ತಲುಪಿದ ಕೊನೆಯ ರೂಪವೇ ದರ್ಶಿನಿ. ಆರ್. ಪ್ರಭಾಕರ್ ಎಂಬುವರ ಕಲ್ಪನೆಯಿಂದ 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಶುರುವಾಯಿತು. ಕುರ್ಚಿಯಿಲ್ಲ, ಮಾಣಿಯಿಲ್ಲ. ಗಲ್ಲಾದಲ್ಲಿ ಹಣ ಕೊಟ್ಟು ಟೋಕನ್ ತೆಗೆದುಕೊಂಡು, ಕಣ್ಣೆದುರಿಗೇ ಕಾಣುವ ಅಡುಗೆಮನೆಯಿಂದ ಇಡ್ಲಿ ತಂದು, ಎದೆಯೆತ್ತರದ ಮೇಜಿನ ಬಳಿ ನಿಂತು ತಿನ್ನುವುದು. ಜಾಗ ಕಡಿಮೆ, ಆಳು ಕಡಿಮೆ, ಆದ್ದರಿಂದ ಬೆಲೆಯೂ ಕಡಿಮೆ. ಇದರಲ್ಲಿ ಸಮಾಜಸುಧಾರಣೆಯ ಘೋಷಣೆ ಏನೂ ಇರಲಿಲ್ಲ. ಆದರೆ ಯೋಚಿಸಿ ನೋಡಿ. ಕೂತು ಉಣ್ಣುವಲ್ಲಿ ಪಂಕ್ತಿಯಿದೆ, ಪಂಕ್ತಿಯಲ್ಲಿ ಮೊದಲು ಕೊನೆಗಳಿವೆ. ನಿಂತು ತಿನ್ನುವಲ್ಲಿ ಪಂಕ್ತಿಯೇ ಇಲ್ಲ. ಎಲ್ಲರೂ ತಿಂದ ತಟ್ಟೆ ಒಂದೇ ತೊಟ್ಟಿಗೆ ಬೀಳುತ್ತದೆ, ಒಂದೇ ನೀರಿನಲ್ಲಿ ತೊಳೆದು ಮತ್ತೆ ಬರುತ್ತದೆ. ನನ್ನ ಹಿಂದಿನ ತಲೆಮಾರಿನವರು ಪ್ರಾಣ ಹೋದರೂ ಒಪ್ಪದಿದ್ದುದನ್ನು ಬೆಂಗಳೂರಿಗೆ ಹೋದ ಅವರ ಮೊಮ್ಮಕ್ಕಳು ದಿನಕ್ಕೆರಡು ಬಾರಿ, ಯೋಚನೆಯನ್ನೇ ಮಾಡದೆ ಮಾಡುತ್ತಾರೆ.

ಹಾಗಾದರೆ ಅಗ್ಗದ ಇಡ್ಲಿ ಜಾತಿಯನ್ನು ಗೆದ್ದಿತೇ? ಇಲ್ಲಿಯೇ ನಾವು ಅವಸರಪಡಬಾರದು. ದರ್ಶಿನಿ ಗೆದ್ದದ್ದು ಅಲ್ಲಿ ಯಾರಿಗೂ ಯಾರೂ ಗೊತ್ತಿಲ್ಲದ ಕಾರಣದಿಂದ. ನಗರದ ಮೇಜಿನ ಆಚೆ ನಿಂತವನ ಹೆಸರು ನಮಗೆ ತಿಳಿಯದು. ಮಲ್ಲಿಪಟ್ಟಣದಂಥ ಊರಿನ ಹೋಟೆಲಿನವನಿಗೆ ಒಳಬಂದವನ ಹೆಸರು, ಅವನ ಅಪ್ಪನ ಹೆಸರು, ಕೇರಿ, ಹೊಲದ ಅಳತೆ ಎಲ್ಲವೂ ಗೊತ್ತು. ಗೊತ್ತಿಲ್ಲದವರ ಜೊತೆ ಸಮಾನವಾಗಿ ತಿನ್ನುವುದು ಸುಲಭ. ಗೊತ್ತಿದ್ದೂ ಒಂದೇ ಲೋಟದಲ್ಲಿ ಕೊಡುವುದೇ ನಿಜವಾದ ಪರೀಕ್ಷೆ. ಅದಕ್ಕೇ ಬೆಂಗಳೂರಿನಲ್ಲಿ ಸದ್ದಿಲ್ಲದೆ ಮುಗಿದ ವಿಚಾರ ಹಳ್ಳಿಗಳಲ್ಲಿ ಮುಗಿಯದೆ ಉಳಿಯಿತು. ನಮ್ಮ ಜಿಲ್ಲೆಯದನ್ನೇ ಹೇಳುವುದಾದರೆ, ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಮಹಿಳೆಯರು ದೇವಾಲಯ ಪ್ರವೇಶಿಸಿದ್ದು ದೊಡ್ಡ ವಿವಾದವಾಯಿತು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ 2021ರಲ್ಲಿ ಅಧಿಕಾರಿಗಳ ಸಮ್ಮುಖದಲ್ಲಿ ದೇವಾಲಯ ಪ್ರವೇಶ ನಡೆಯಬೇಕಾಯಿತು. ಇವು ನನ್ನ ಬಾಲ್ಯದ ಕಥೆಗಳಲ್ಲ, ನಿಮ್ಮ ಮಕ್ಕಳ ಬಾಲ್ಯದವು.

ಇನ್ನೊಂದು ಸಂಗತಿಯನ್ನು ಕೆಲವು ವರ್ಷಗಳಿಂದ ಗಮನಿಸುತ್ತಿದ್ದೇನೆ. ನಮ್ಮ ಕಡೆಯ ಟೀ ಅಂಗಡಿಗಳಲ್ಲಿ ಈಗ ಕಾಗದದ ಲೋಟ. ಕುಡಿದು ಎಸೆಯುವುದು. ಮೇಲುನೋಟಕ್ಕೆ ಎರಡು ಲೋಟದ ಪದ್ಧತಿ ಅಳಿದು ಎಲ್ಲರಿಗೂ ಒಂದೇ ಲೋಟ ಬಂದಿದೆ. ಆದರೆ ಒಬ್ಬ ಕುಡಿದದ್ದನ್ನು ತೊಳೆದು ಇನ್ನೊಬ್ಬನಿಗೆ ಕೊಡುತ್ತೀರಾ ಎಂಬ ಹಳೆಯ ಪ್ರಶ್ನೆಗೆ ಈ ಕಾಗದದ ಲೋಟ ಉತ್ತರ ಹೇಳುವುದಿಲ್ಲ. ಪ್ರಶ್ನೆಯನ್ನೇ ಕಸದ ಬುಟ್ಟಿಗೆ ಹಾಕುತ್ತದೆ. ಪರಿಚಿತರಿಗೆ ಸ್ಟೀಲಿನ ಲೋಟ, ಕೆಲವರಿಗೆ ಮಾತ್ರ ಕಾಗದದ್ದು ಎಂದಾದರೆ ಹೊರಗೋಡೆಯ ಗೂಡು ಇನ್ನೊಂದು ರೂಪದಲ್ಲಿ ಮರಳಿ ಬಂದಂತೆಯೇ. ಟೀ ಕುಡಿಯುವಾಗ ಒಮ್ಮೆ ಸುತ್ತ ನೋಡಿ, ಯಾರ ಕೈಯಲ್ಲಿ ಯಾವ ಲೋಟವಿದೆ ಎಂದು.

ನಿರಾಶೆಯಿಂದ ಇದನ್ನು ಬರೆಯುತ್ತಿಲ್ಲ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ಆರಂಭವಾದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಬಳಿಕ ಇತರ ಪಟ್ಟಣಗಳಿಗೂ ಬಂದ ಅವುಗಳ ಮುಂದಿನ ಸಾಲಿನಲ್ಲಿ ಯಾರೂ ಯಾರ ಕುಲವನ್ನೂ ಕೇಳುವುದಿಲ್ಲ. ಛತ್ರದ ಅಂಗಳದಿಂದ ಈ ಸಾಲಿನವರೆಗೆ ನಾವು ನಡೆದ ದೂರ ಸಣ್ಣದೇನಲ್ಲ. ಸಂವಿಧಾನ ಹಕ್ಕು ಕೊಟ್ಟಿತು, ಒಳಗೆ ಹೋಗಿ ಕೂತವರು ಆ ಹಕ್ಕಿಗೆ ಜೀವ ಕೊಟ್ಟರು, ಬಸ್ಸು, ಅವಸರ, ಅಗ್ಗದ ಬೆಲೆಗಳು ಅದನ್ನು ರೂಢಿ ಮಾಡಿದವು. ಈ ಮೂರರಲ್ಲಿ ಯಾವುದೊಂದೂ ಒಂಟಿಯಾಗಿ ಈ ಕೆಲಸ ಮಾಡಲಾರದಾಗಿತ್ತು.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮಗೊಂದು ಮನೆಗೆಲಸ. ಊರಿಗೆ ಹೋದಾಗ ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿ. ನಮ್ಮ ಊರಿನಲ್ಲಿ ಮೊದಲು ಹೋಟೆಲು ತೆರೆದವರು ಯಾರು? ಅಲ್ಲಿ ಯಾರು ಒಳಗೆ ಕೂರುತ್ತಿದ್ದರು, ಯಾರು ಹೊರಗೆ ನಿಲ್ಲುತ್ತಿದ್ದರು? ಮೊದಲ ಪ್ರಶ್ನೆಗೆ ಅವರು ಉತ್ಸಾಹದಿಂದ ಉತ್ತರಿಸುತ್ತಾರೆ. ಎರಡನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಾಗಬಹುದು. ಆದರೂ ಬಿಡಬೇಡಿ, ಕಾದು ಕೇಳಿ, ಹೇಳಿದ್ದನ್ನು ಬರೆದಿಡಿ. ಒಳಗೆ ಕೂತವರ ಮನೆಯವರಾಗಲಿ, ಹೊರಗೆ ನಿಂತವರ ಮನೆಯವರಾಗಲಿ, ಬರೆದದ್ದನ್ನು ನನಗೆ ಕಳುಹಿಸಿ. ಕಂಡವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರಿರುವಾಗಲೇ ಈ ಪಾಠ ಬರೆದು ಮುಗಿಯಬೇಕು.